ಅಪ್ಪನ ಕ್ಯಾಮೆರಾ ಅಂಬುಬಾಯಿಯನ್ನು ನೋಡಿದ್ದು

ದತ್ತಾತ್ರೇಯ ಕಳೆದ ಭಾನುವಾರ ಮಧ್ಯಾಹ್ನ ಕೂಕಟ್‌ಪಲ್ಲಿಯ ತನ್ನ ಫ್ಲ್ಯಾಟಿನಲ್ಲಿ ಹೃದಯಾಘಾತದಿಂದ ತೀರಿಕೊಂಡ. ಅವನಿಗೆ ಅರವತ್ತೆರಡಾಗಿತ್ತು.

ಯಾರನ್ನೂ ನೋಯಿಸಿದವನಲ್ಲ ಎಂದು ಅಂತ್ಯಕ್ರಿಯೆಗೆ ಬಂದವರೆಲ್ಲ ಹೇಳಿದರು. ಅದು ಸುಳ್ಳು. ಒಬ್ಬನನ್ನು ನೋಯಿಸಲೇಬೇಕೆಂದು ದತ್ತ ತಿಂಗಳುಗಟ್ಟಲೆ ಹಲ್ಲು ಕಚ್ಚಿ ಕೂತಿದ್ದ. ಅಂದು ಬೆಳಿಗ್ಗೆ ನೋಯಿಸಿಯೂ ಬಿಟ್ಟ.

ಅವನ ಅಪ್ಪ ರಾಯಚೂರು ಕಡೆಯಿಂದ ಬಂದು ಹೈದರಾಬಾದಿನಲ್ಲಿ ಸರ್ಕಾರಿ ನೌಕರಿಗೆ ಸೇರಿದವರು. ಹೆಂಡತಿ ಗಿರಿಜಾಬಾಯಿ ಇರುವಾಗಲೇ, ಊರ ಕಡೆಯ ಗುಡಿಯೊಂದರಲ್ಲಿ ಅಂಬುಬಾಯಿಗೂ ತಾಳಿ ಕಟ್ಟಿದರು. ಎರಡನೆಯ ಹೆಂಡತಿ ಇರುವುದು ಗೊತ್ತಾದರೆ ನೌಕರಿ ಹೋಗುತ್ತಿತ್ತು. ಹೀಗಾಗಿ ತಾರ್ನಾಕದ ಮನೆಯಲ್ಲಿ ಅಂಬುಬಾಯಿ ಎಲ್ಲರಿಗೂ 'ಅಬಚಿ' ಆದಳು, ಅಂದರೆ ಚಿಕ್ಕಮ್ಮ, ಗಿರಿಜಾಬಾಯಿಯ ತಂಗಿ, ಅಡುಗೆಗೆ ನೆರವಾಗಲು ಬಂದವಳು. ಅವಳು ಹೆತ್ತ ದತ್ತ ಶಾಲೆಯ ದಾಖಲೆಯಲ್ಲಿ ಗಿರಿಜಾಬಾಯಿಯ ಮಗ. ಮಂದಿಯ ಎದುರು ತನ್ನ ತಾಯಿಯನ್ನು ಅವನೂ ಅಬಚಿ ಎಂದೇ ಕರೆಯಬೇಕಿತ್ತು.

ಅಪ್ಪನ ಹತ್ತಿರ ಮಡಚುವ ಜರ್ಮನ್ ಕ್ಯಾಮೆರಾ ಇತ್ತು. ಹಬ್ಬಕ್ಕೆ, ಮುಂಜಿಗೆ ಅದನ್ನು ಬಿಚ್ಚಿದಾಗಲೆಲ್ಲ ಅವರು, "ಅಂಬೂ, ಸ್ವಲ್ಪ ಸರಿ" ಎನ್ನುತ್ತಿದ್ದರು. ಅವಳು ಸರಿಯುತ್ತಿದ್ದಳು. ಆ ಮನೆಯ ಆಲ್ಬಮಿನಲ್ಲಿ ಬಾಜೂಮನೆಯ ನಾಯಿ ಇದೆ, ಅಂಬುಬಾಯಿ ಇಲ್ಲ.

ಅಪ್ಪ ಹೋದರು, ಗಿರಿಜಾಬಾಯಿಯೂ ಹೋದರು. ಹೆದರಬೇಕಾದ್ದು ಏನೂ ಉಳಿಯಲಿಲ್ಲ. ಆದರೂ ಹೋದ ವರ್ಷ ಗಿರಿಜಾಬಾಯಿಯ ಮಗ ಉಪೇಂದ್ರ ತನ್ನ ಮಗಳ ಮದುವೆಯ ವೇದಿಕೆಯಲ್ಲಿ, ಥೇಟ್ ಅಪ್ಪನ ದನಿಯಲ್ಲಿ, "ಅಬಚಿ, ಸ್ವಲ್ಪ ಸರೀರಿ, ಫ್ಯಾಮಿಲಿ ಫೋಟೋ ಅದ" ಎಂದ. ಎಂಬತ್ತು ದಾಟಿದ ಅಂಬುಬಾಯಿ ಸೆರಗು ಹಿಡಿದುಕೊಂಡು ಮೆಟ್ಟಿಲು ಇಳಿದಳು. ಕೆಳಗೆ ನಿಂತಿದ್ದ ದತ್ತ ಅದನ್ನು ನೋಡಿದ. ಮರುವಾರ ಅಣ್ಣನ ಮನೆಗೆ ಹೋಗಿ ಅಪ್ಪನ ಕ್ಯಾಮೆರಾ ಕೇಳಿದ.

ಉಪೇಂದ್ರ ನಕ್ಕ. "ಒಯ್ಯೋ ಮಾರಾಯಾ. ಕೊಬ್ಬರಿ ಎಣ್ಣಿ ಬಿಟ್ಟು ನೋಡೀನಿ, ಹಂದಾಡವಲ್ಲದು. ಗುಜರಿಯವನೂ ಬ್ಯಾಡ ಅಂದ."

ಅದೇ ಎಣ್ಣೆ ಷಟರಿನ ತೆಳ್ಳಗಿನ ಎಲೆಗಳ ನಡುವೆ ಇಳಿದು ಅಂಟಿನಂತೆ ಕೂತಿತ್ತು. ಮಸೂರದ ಉಂಗುರದಲ್ಲಿ ಹಳೆಯ ಗ್ರೀಸು ಅರಗಿನಂತೆ ಗಟ್ಟಿಯಾಗಿತ್ತು. ದತ್ತ ಬಾಲಾನಗರದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾದವನು. ಸಣ್ಣ ಸ್ಕ್ರೂ ಅವನಿಗೆ ಹೊಸದಲ್ಲ, ಕ್ಯಾಮೆರಾ ಹೊಸದು. ಇಕ್ಕಳ ಹಾಕಿ ತಿರುವಿದರೆ ಉಂಗುರ ಸೊಟ್ಟಗಾಗುತ್ತಿತ್ತು. ಲೈಟರಿನ ಪೆಟ್ರೋಲನ್ನು ಹನಿಹನಿಯಾಗಿ ಬಿಟ್ಟು ಕಾದ. ಸೈಕಲ್ ಟ್ಯೂಬಿನ ತುಂಡು ಸುತ್ತಿ, ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ಅಲುಗಿಸಿದ. ಉಂಗುರ ಬಿಟ್ಟಿತು. ಷಟರ್ ಬಿಡಲಿಲ್ಲ. ಒರೆಸಿದಾಗ ತೆರೆಯುತ್ತಿತ್ತು, ಒಳಗೆ ಅಡಗಿದ್ದ ಎಣ್ಣೆ ಮತ್ತೆ ಹರಿದು ಸಂಜೆಗೆ ಎಲೆಗಳು ಅಂಟುತ್ತಿದ್ದವು. ಅವನು ಮತ್ತೆ ಬಿಚ್ಚುತ್ತಿದ್ದ. ಅವನ ಸಿಟ್ಟಿಗೆ ಅವಸರವಿರಲಿಲ್ಲ.

"ಉಪ್ಪಿಟ್ಟೂ ಪೆಟ್ರೋಲ್ ನಾರಲಿಕತ್ತದರೀ," ಎಂದಳು ಹೆಂಡತಿ ಭಕ್ತಿ. "ನನ್ನ ಫೋನಿನಾಗ ಅತ್ತಿಯವರ ಫೋಟೋ ಬೇಕಾದಷ್ಟವ. ಒಂದು ದೊಡ್ಡದು ಮಾಡಸ್ರಿ, ಮುಗೀತು."

"ನಿನ್ನ ಫೋನು ಆಕೀಗೆ 'ಸ್ವಲ್ಪ ಸರಿ' ಅಂದಿಲ್ಲ. ಇದು ಅಂದದ. ಇದರ ಕಣ್ಣಿಗೇ ಆಕಿ ಬೀಳಬೇಕು, ಅಣ್ಣ ಬಾಜೂಕ ನಿಂತು ನೋಡಬೇಕು."

ಶನಿವಾರ ಬೆಳಿಗ್ಗೆ ಚುರುಕಾಗಿ ಟಿಕ್ ಎಂದ ಷಟರ್ ಸಂಜೆಯೂ ಹಾಗೆಯೇ ಎಂದಿತು. ದತ್ತ ಫಿಲ್ಮ್ ರೋಲು ಹಾಕಿ, ನಾಳೆ ಬಾ ಎಂದು ಉಪೇಂದ್ರನಿಗೆ ಫೋನು ಮಾಡಿದ.

ಭಾನುವಾರ ಬೆಳಿಗ್ಗೆ ಉಪೇಂದ್ರ ರೇಷ್ಮೆ ಜುಬ್ಬಾ ಹಾಕಿಕೊಂಡು, ಮೀಸೆ ತಿದ್ದಿಕೊಂಡು ಬಂದ. ಬಾಲ್ಕನಿಯಲ್ಲಿ ಇಟ್ಟಿದ್ದ ಒಂದೇ ಕುರ್ಚಿಯಲ್ಲಿ ಕೂತ.

"ಏಳಣ್ಣಾ. ಅದು ಅವ್ವಂದು."

ಅಣ್ಣನ ಎದುರು ದತ್ತ ಅವಳನ್ನು 'ಅವ್ವ' ಎಂದದ್ದು ಅದೇ ಮೊದಲು. ಉಪೇಂದ್ರ ಎದ್ದ. ಇಳಕಲ್ ಸೀರೆ ಉಟ್ಟ ಅಂಬುಬಾಯಿಯನ್ನು ಭಕ್ತಿ ಕೈಹಿಡಿದು ತಂದು ಕೂರಿಸಿದಳು. ಒಂದು ಕೆನ್ನೆಗೆ ಬೆಳಕು ಸಾಲದೆಂದು ದತ್ತ ಬಿಳಿ ಚಾದರ ತಂದು ಅಣ್ಣನ ಕೈಗೆ ಕೊಟ್ಟ.

"ಎತ್ತಿ ಹಿಡಿ. ಸ್ವಲ್ಪ ಸರಿ. ಇನ್ನೂ ಸ್ವಲ್ಪ. ಹಾಂ, ಈಗ ನೀ ಕಾಣಂಗಿಲ್ಲ."

ದತ್ತ ಆತುರಪಡಲಿಲ್ಲ. ಅಣ್ಣನ ತೋಳು ನಡುಗುವವರೆಗೆ ಉಂಗುರವನ್ನು ತಿರುಗಿಸುತ್ತಲೇ ಇದ್ದ. ಅಂಬುಬಾಯಿ ಕ್ಯಾಮೆರಾವನ್ನು ದಿಟ್ಟಿಸಿ ಕೂತಿದ್ದಳು. ಟಿಕ್ ಎಂದಿತು.

ಉಪೇಂದ್ರ ಚಾದರ ಇಳಿಸಿದ. ಮುಖ ಕೆಂಪಗಾಗಿತ್ತು. ಆದರೂ ಜುಬ್ಬಾ ಜಗ್ಗಿ ಸರಿಮಾಡಿಕೊಂಡ. "ನಂದೂ ಒಂದು ತಗಿ ದತ್ತೂ. ಅಪ್ಪನ ಕ್ಯಾಮೆರಾದಾಗ ಒಂದಿರಲಿ."

"ತಗಿಯೋ," ಎಂದಳು ಅಂಬುಬಾಯಿ. "ದೊಡ್ಡವ ಇದ್ದಾನ. ಪಾಪ, ಕೈ ಸೋತಾವ."

ದತ್ತ ತಾಯಿಯ ಮುಖ ನೋಡಿದ, ಅಣ್ಣನ ಮುಖ ನೋಡಿದ. ರೋಲಿನಲ್ಲಿ ಒಂದೇ ಚಿತ್ರ ಖರ್ಚಾಗಿತ್ತು.

"ರೋಲು ಮುಗೀತು" ಎಂದು ಕ್ಯಾಮೆರಾ ಮಡಚಿದ.