ಸಹಿ ಮಾಡದ ಕಾಗದ

ಗುಜರಾತಿನ ಒಂದು ತೈಲಬಾವಿಯಲ್ಲಿ ಪೈಪು ಇಳಿಸುವಾಗ ಸರಪಳಿ ಜಾರಿ ನನ್ನ ಎಡಗೈಯ ಎರಡು ಬೆರಳು ಹೋದವು. ಆಸ್ಪತ್ರೆಯಿಂದ ಮಸ್ಕಿಯ ಮನೆಗೆ ಬಂದ ವಾರದಲ್ಲೇ ಗುತ್ತಿಗೆದಾರನ ಕಡೆಯವನೊಬ್ಬ ಕಾಗದ ಹಿಡಿದು ಬಂದ. ತಪ್ಪು ನನ್ನದೇ, ಇನ್ನೇನೂ ಕೇಳುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ನಾನು ಆಗಲೇ ಪೆನ್ನು ಹಿಡಿದಿದ್ದೆ. ಹೆಂಡತಿ ಕಾಗದ ಎಳೆದುಕೊಂಡಳು.

"ವಕೀಲರಿಗೆ ತೋರಿಸಿ ಹೇಳ್ತೀವ್ರಿ. ಈಗ ನೀವು ಹೋಗಿ ಬರ್ರಿ," ಎಂದು ಅವನನ್ನು ಕಳಿಸಿದಳು.

ಮರುದಿನ ಲಿಂಗಸುಗೂರಿನಲ್ಲಿ ಹಿರಿಯ ವಕೀಲೆಯೊಬ್ಬರು ಅದನ್ನು ಓದಿ, "ಸಹಿ ಮಾಡೀಯೇನು ತಮ್ಮಾ?" ಎಂದು ಕೇಳಿದರು.

"ಇಲ್ರೀ. ಆದ್ರ ಕೇಸಿಗಂತ ಅಷ್ಟು ದೂರ ತಿರುಗಾಕ ನನ್ನ ಕೈಲಿ ಆಗಂಗಿಲ್ರೀ."

"ಯಾಕ ತಿರುಗ್ತಿ? ನೀ ಇರೋ ಜಿಲ್ಲಾದಾಗ ಅರ್ಜಿ ಹಾಕಬಹುದು. ಗುತ್ತಿಗೆ ಕೆಲಸದವರಿಗೂ ಪರಿಹಾರದ ಹಕ್ಕೈತಿ."

ಆಸ್ಪತ್ರೆಯಲ್ಲಿ ಮಲಗಿದ್ದಾಗಿನಿಂದ ಹೊತ್ತಿದ್ದ ಭಯ ಆ ಕುರ್ಚಿಯಲ್ಲೇ ಇಳಿಯಿತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುಂದಿನ ವರ್ಷ ಆದೇಶ ನಮ್ಮ ಪರವಾಗಿ ಬಂತು. ಈಗ ಸಿಂಧನೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಉಳಿದ ಮೂರು ಬೆರಳಿಗೆ ಪಾನಾ ಹಿಡಿಯುವುದು ರೂಢಿಯಾಗಿದೆ. ಕಬ್ಬಿಣ ಬಿದ್ದ ಸದ್ದಾದರೆ ಮಾತ್ರ ಇನ್ನೂ ಬೆಚ್ಚುತ್ತೇನೆ.