ಬದಲಾಯಿಸದ ಪ್ಲಗ್ಗುಗಳು

ಬಾನೆಟ್ ಎತ್ತುವ ಮೊದಲು ಅವನು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಎಂಜಿನ್ ಓಡುತ್ತಿರಬೇಕು, ಪಕ್ಕದಲ್ಲಿ ಯಾರೂ ಮಾತಾಡಬಾರದು. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ತೆರೆದು, ಬೆಲ್ಟ್ ಸಡಿಲವಾಗಿದೆ ಎಂದೋ ಬೇರಿಂಗ್ ಹೋಗಿದೆ ಎಂದೋ ಹೇಳಿದರೆ ಅದು ಹಾಗೆಯೇ ಇರುತ್ತಿತ್ತು. ಬೀದಿಯವರೆಲ್ಲ ಅವನನ್ನು ಕಿವಿಯಣ್ಣ ಎನ್ನುತ್ತಿದ್ದುದು ಅದಕ್ಕೇ. ಹೆಂಡತಿ ಮಾತ್ರ, ಗಾಡಿ ಕೆಮ್ಮಿದರೆ ಕೇಳಿಸುತ್ತದೆ, ನಾನು ಕೂಗಿದರೆ ಕೇಳಿಸುವುದಿಲ್ಲ, ಇದೆಂಥ ಕಿವಿಯೋ ಎಂದು ಅಕ್ಕಪಕ್ಕದವರ ಮುಂದೆ ಆಡಿಕೊಳ್ಳುತ್ತಿದ್ದಳು.

ಕಸುಬು ಅಪ್ಪನಿಂದ ಬಂದದ್ದು. ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ, ತಂತಿ ಬ್ರಷ್‌ನಿಂದ ಮಸಿ ಉಜ್ಜಿ, ಪೆಟ್ರೋಲಿನಲ್ಲಿ ತೊಳೆದು, ತುದಿಯನ್ನು ಮೆಲ್ಲಗೆ ತಟ್ಟಿ ಕಿಡಿ ಹಾರುವ ಸಂದನ್ನು ಸರಿಮಾಡಿ ಮತ್ತೆ ಕೂರಿಸುವುದು ಅವನು ಕಲಿತ ಮೊದಲ ಕೆಲಸ. ಇನ್ನೂ ಜೀವ ಇರುವುದನ್ನು ಬಿಸಾಡಿದರೆ ಅಪ್ಪ ದಿನವಿಡೀ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಆ ಮೌನದ ಭಯ, ಅಪ್ಪ ಹೋದ ಮೇಲೂ ಅವನ ಬೆರಳುಗಳಲ್ಲಿ ಉಳಿದಿತ್ತು.

ತಮ್ಮನ ದಾರಿ ಬೇರೆ. ಗ್ಯಾರೇಜ್ ಶೆಡ್ಡಿನ ಹಿಂಭಾಗಕ್ಕೆ ಗಾಜಿನ ಬಾಗಿಲು ಹಾಕಿಸಿ, ಲ್ಯಾಪ್‌ಟಾಪಿನ ತಂತಿಯನ್ನು ಕಾರಿಗೆ ಚುಚ್ಚಿ, ಅದರೊಳಗಿನ ಕಂಪ್ಯೂಟರಿನ ಲೆಕ್ಕಗಳನ್ನು ತಿದ್ದಿ ಎಂಜಿನ್ನಿಗೆ ಹೆಚ್ಚು ಬಲ ಬರುವಂತೆ ಮಾಡುತ್ತಿದ್ದ. ಟ್ಯೂನಿಂಗ್ ಎಂದು ಅದರ ಹೆಸರು. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇರುವ ಕಾರುಗಳು ಅವನನ್ನು ಹುಡುಕಿಕೊಂಡು ಬರುತ್ತಿದ್ದವು. ಗಾಡಿಗೆ ಟ್ಯೂಷನ್ ಹೇಳುವ ಮೇಷ್ಟ್ರು ಎಂದು ಅಣ್ಣ ಗೇಲಿ ಮಾಡುತ್ತಿದ್ದ; ಗೇಲಿಯೊಳಗೆ ಒಂದಿಷ್ಟು ಹೆಮ್ಮೆಯೂ ಇತ್ತು. ತಮ್ಮನ ಗಾಡಿಗಳ ಬಿಚ್ಚುವ, ಕಟ್ಟುವ ಕೆಲಸವೆಲ್ಲ ಅಣ್ಣನದೇ. ಅವನು ಮಾಡಿದ್ದು ಸರಿಯಾಗಿದೆಯೇ ಎಂದು ತಮ್ಮ ಒಮ್ಮೆಯೂ ತಿರುಗಿ ನೋಡಿದವನಲ್ಲ.

ಹಲ್ಲಿನ ಡಾಕ್ಟರಮ್ಮ ಟರ್ಬೊ ಕಾರನ್ನು ತಂದುಬಿಟ್ಟ ದಿನ, ಟ್ಯೂನಿಂಗ್ ಮುಗಿಸಿದ ತಮ್ಮ ಹೊಸ ಪ್ಲಗ್ಗುಗಳ ಡಬ್ಬಿಯನ್ನು ಅಣ್ಣನ ಕೈಗಿತ್ತು ವಿವರಿಸಿದ್ದ. ಟರ್ಬೊ ಈಗ ಮೊದಲಿಗಿಂತ ಜೋರಾಗಿ ಗಾಳಿ ತುಂಬುತ್ತದೆ. ಆ ಒತ್ತಡದಲ್ಲಿ ಕಿಡಿ ಹಾರುವುದೇ ಕಷ್ಟ. ಸಂದು ಕಿರಿದಾಗಿರಬೇಕು. ಕಂಪನಿಯ ಪುಸ್ತಕ ಹೇಳುವಷ್ಟು ದೂರ ಈ ಗಾಡಿಯಲ್ಲಿ ಪ್ಲಗ್ ಬಾಳುವುದಿಲ್ಲ, ಅದರ ಅರ್ಧ ಓಡಿದರೆ ಹೆಚ್ಚು. ಕೆಟ್ಟ ಮೇಲೆ ಬದಲಾಯಿಸುವುದಲ್ಲ, ಕೆಡುವ ಮೊದಲೇ ಬದಲಾಯಿಸಬೇಕು.

ಕಿವಿಯಣ್ಣ ಹಳೆಯ ಪ್ಲಗ್ಗುಗಳನ್ನು ಬಿಚ್ಚಿ ಬೆಳಕಿಗೆ ಹಿಡಿದ. ತುದಿಗಳು ತಿಳಿಕಂದು ಬಣ್ಣಕ್ಕಿದ್ದವು. ಎಣ್ಣೆ ಇಲ್ಲ, ಮಸಿ ಇಲ್ಲ. ಇವುಗಳಿಗೆ ಏನಾಗಿದೆ ಅಂತ ಬಿಸಾಡಬೇಕು? ಕೈ ತಾನಾಗಿ ತಂತಿ ಬ್ರಷ್ ಕಡೆ ಹೋಯಿತು. ಈ ಕಾಲದ ಪ್ಲಗ್ಗುಗಳ ತುದಿ ಸೂಜಿಯಷ್ಟು ಸಣ್ಣದು, ಬ್ರಷ್ ತಾಗಿಸಬಾರದ್ದು. ಅವನು ತಾಗಿಸಿದ. ಉಜ್ಜಿದ, ತೊಳೆದ, ಕೂರಿಸಿದ. ಎಂಜಿನ್ ಚಾಲೂ ಮಾಡಿ ಕಣ್ಣು ಮುಚ್ಚಿದ. ನಿಂತ ಜಾಗದಲ್ಲಿ ಅದು ಬೆಣ್ಣೆಯ ಹಾಗೆ ಓಡುತ್ತಿತ್ತು. ಹೊಸ ಡಬ್ಬಿ ಡ್ರಾಯರಿಗೆ ಹೋಯಿತು.

ಗಾಜಿನ ಬಾಗಿಲ ಆಚೆಯಿಂದ ತಮ್ಮ, ಹಾಕಿದ್ಯಾ ಎಂದು ಕೇಳಿದ. ಕಿವಿಯಣ್ಣ ಹೂಂ ಎಂದ. ಸುಮ್ಮನೆ ವಾದ ಯಾಕೆ ಎನಿಸಿತ್ತು, ಅಷ್ಟೇ.

ಕೆಲವು ವಾರಗಳ ನಂತರ ಡಾಕ್ಟರಮ್ಮ ಬಂದರು. ಕಾರಿನಿಂದ ಇಳಿದವರು ಬಾಗಿಲನ್ನೂ ಹಾಕಲಿಲ್ಲ. ಹೆದ್ದಾರಿಯಲ್ಲಿ ಒಂದು ಲಾರಿಯನ್ನು ದಾಟಲು ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಗಾಡಿ ಮುಗ್ಗರಿಸಿ ಬಿಕ್ಕಳಿಸಿತಂತೆ. ಎದುರಿಗೆ ಬಸ್ಸು. ಹೇಗೋ ಲಾರಿಯ ಹಿಂದಕ್ಕೆ ಸರಿದುಕೊಂಡರಂತೆ. ಹಿಂದಿನ ಸೀಟಿನಲ್ಲಿ ಅವರ ತಾಯಿ ಇದ್ದರು.

ಅವರ ಸಿಟ್ಟೆಲ್ಲ ತಮ್ಮನ ಮೇಲೆ. ಅವರು ದನಿ ಏರಿಸಲಿಲ್ಲ, ಅದೇ ಹೆಚ್ಚು ಚುಚ್ಚುವಂತಿತ್ತು.

"ನಿಮ್ಮ ಆಟಕ್ಕೆ ನನ್ನ ಅಮ್ಮನೇ ಬೇಕಿತ್ತಾ? ಅದೇನು ತುಂಬಿದ್ದೀರೋ ಅದನ್ನೆಲ್ಲ ತೆಗೆದು ಮೊದಲು ಹೇಗಿತ್ತೋ ಹಾಗೆ ಮಾಡಿಕೊಡಿ."

ತಮ್ಮ ತಲೆ ತಗ್ಗಿಸಿ, ಆಯ್ತು ಮೇಡಂ, ನನ್ನದೇ ತಪ್ಪಿರಬೇಕು ಎಂದ. ಕಿವಿಯಣ್ಣ ಪಕ್ಕದಲ್ಲೇ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ. ಕೈ ಶುಭ್ರವಾದ ಮೇಲೂ ಒರೆಸುತ್ತಲೇ ಇದ್ದ. ಡಾಕ್ಟರಮ್ಮ ಕಾರನ್ನು ಅಲ್ಲೇ ಬಿಟ್ಟು ಆಟೋ ಹಿಡಿದು ಹೊರಟುಹೋದರು.

ಸಂಜೆಯವರೆಗೂ ತಮ್ಮ ಲ್ಯಾಪ್‌ಟಾಪಿನ ಮುಂದೆ ಕೂತು ತನ್ನ ಲೆಕ್ಕಗಳಲ್ಲಿ ತಪ್ಪು ಹುಡುಕಿದ. ಸಿಗಲಿಲ್ಲ. ಸಿಗದ ತಪ್ಪು ಅವನನ್ನು ಇನ್ನಷ್ಟು ಹೆದರಿಸಿತು. ಕೊನೆಗೆ ಹೊರಬಂದು, ಈ ಕೆಲಸ ಬಿಟ್ಟುಬಿಡುತ್ತೇನೆ, ಇದುವರೆಗೆ ಮಾಡಿದ ಗಾಡಿಗಳನ್ನೆಲ್ಲ ಕರೆಸಿ ಮೊದಲಿನಂತೆ ಮಾಡಿಕೊಡುತ್ತೇನೆ ಎಂದ. ಅವನ ದನಿ ಚಿಕ್ಕವನಿದ್ದಾಗ ಬಿದ್ದು ಮಂಡಿ ತರಚಿಕೊಂಡು ಬರುತ್ತಿದ್ದವನ ದನಿಯಂತಿತ್ತು. ಆಗೆಲ್ಲ ಮಣ್ಣು ಒರೆಸಿದವನು ಅಣ್ಣನೇ.

ಕಿವಿಯಣ್ಣ ಡಾಕ್ಟರಮ್ಮನ ಕಾರಿನ ಬಾನೆಟ್ ಎತ್ತಿದ. ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚಿ ತಮ್ಮನ ಮುಂದೆ ಬಟ್ಟೆಯ ಮೇಲೆ ಇಟ್ಟ. ಸೂಜಿ ತುದಿಗಳು ಸವೆದು ಮೊಂಡಾಗಿದ್ದವು, ಸಂದು ಅಗಲವಾಗಿತ್ತು. ಒಂದರ ಪಿಂಗಾಣಿಯಲ್ಲಿ ಕೂದಲೆಳೆಯಂಥ ಬಿರುಕು.

ತಮ್ಮ ಒಂದನ್ನು ಎತ್ತಿ ತಿರುಗಿಸಿ ನೋಡಿದ. "ಇವು ನಾನು ಕೊಟ್ಟಿದ್ದಲ್ಲ."

"ಅಲ್ಲ. ಹಳೇವೇ. ಚೆನ್ನಾಗಿವೆ ಅನ್ನಿಸ್ತು, ಉಜ್ಜಿ ಹಾಕಿದೆ."

"ಕೇಳಿದಾಗ ಹೂಂ ಅಂದ್ಯಲ್ಲಣ್ಣ."

"ಅಂದೆ."

"ಬೆಳಿಗ್ಗೆ ಅವರು ಬೈತಿದ್ದಾಗ್ಲೂ ಇಲ್ಲೇ ಇದ್ದೆ."

ತಮ್ಮ ಬೈದಿದ್ದರೆ, ಪ್ಲಗ್ಗನ್ನು ಎತ್ತಿ ಎಸೆದಿದ್ದರೆ ಕಿವಿಯಣ್ಣ ಸಹಿಸುತ್ತಿದ್ದ. ತಮ್ಮ ಅದನ್ನು ಮೆತ್ತಗೆ ಬಟ್ಟೆಯ ಮೇಲಿಟ್ಟು ಊಟಕ್ಕೆ ಹೋದ. ಆ ರಾತ್ರಿ ಅವನ ತಟ್ಟೆಯ ಪಕ್ಕ ಕೂರಲು ಅಣ್ಣನಿಗೆ ಆಗಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಹೆಂಡತಿಗೆ ಹೇಳಿದ. ಹೇಳಿದ ಮೇಲೆ, ಅದೂ ಸುಳ್ಳೇ ಎಂದು ಹೊಳೆಯಿತು.

ಮರುದಿನ ಕಿವಿಯಣ್ಣ ಹೊಸ ಪ್ಲಗ್ಗುಗಳ ಸಂದನ್ನು ತಮ್ಮ ಹೇಳಿದ್ದ ಅಳತೆಗೆ ಸರಿಮಾಡಿ ಕೂರಿಸಿ, ಕಾರನ್ನು ತಾನೇ ಹೆದ್ದಾರಿಗೆ ಒಯ್ದು ಪೂರ್ತಿ ಒತ್ತಿ ನೋಡಿದ. ಗಾಡಿ ಎಲ್ಲೂ ಮುಗ್ಗರಿಸಲಿಲ್ಲ. ಅಲ್ಲಿಂದ ನೇರ ಕ್ಲಿನಿಕ್ಕಿಗೆ ಹೋದ. ಕೆನ್ನೆ ಹಿಡಿದುಕೊಂಡು ಕೂತವರ ನಡುವೆ, ಗ್ರೀಸಿನ ಅಂಗಿಯಲ್ಲಿ, ತನ್ನ ಸರದಿಗೆ ಕಾದ. ಯಾವ ಹಲ್ಲು ಎಂದು ಪಕ್ಕದ ಮುದುಕರು ಕೇಳಿದರು. ಹಲ್ಲಲ್ಲ, ನಾಲಿಗೆ ಎಂದ. ಅವರು ಅಯ್ಯೋ ಪಾಪ ಎಂದರು.

ಡಾಕ್ಟರಮ್ಮನ ಎದುರು ಅವನು ಕೂರಲಿಲ್ಲ. ತಮ್ಮನ ಕೆಲಸದಲ್ಲಿ ಕುಂದಿಲ್ಲ, ಪ್ಲಗ್ ಬದಲಾಯಿಸಿದೆ ಎಂದು ಸುಳ್ಳು ಹೇಳಿದವನು ನಾನು, ನಿನ್ನೆ ಬಾಯಿ ಮುಚ್ಚಿಕೊಂಡು ನಿಂತವನೂ ನಾನೇ ಎಂದ. ಅವರು ಕೈಗವಸು ಬಿಚ್ಚಿಟ್ಟರು.

"ಗಾಡಿ ಈಗಿರೋ ಹಾಗೇ ಇರಲಿ, ಮೊದಲಿನಂತೆ ಮಾಡೋದು ಬೇಡ. ನಿಮ್ಮ ತಮ್ಮನಿಗೆ ನಾನೇ ಫೋನ್ ಮಾಡ್ತೀನಿ," ಎಂದರು. "ಆದ್ರೆ ಇನ್ಮೇಲೆ ನೀವು ಮಾಡಿದ್ದನ್ನ ಅವರು ಒಂದ್ಸಲ ನೋಡಿಯೇ ಕೊಡಬೇಕು."

ತಮ್ಮ ಕೆಲಸ ಬಿಡಲಿಲ್ಲ. ಗಾಜಿನ ಬಾಗಿಲ ಹಿಂದೆ ಮತ್ತೆ ಕಾರುಗಳು ನಿಂತವು. ಅಣ್ಣ ಪ್ಲಗ್ ಬದಲಾಯಿಸಿ ಮುಗಿಸಿದ ಮೇಲೆ ತಮ್ಮ ಬಂದು ಮತ್ತೊಮ್ಮೆ ಬಿಚ್ಚಿ ನೋಡುತ್ತಾನೆ. ಬೇಸರದಿಂದಲ್ಲ, ಕೆಲಸದ ಒಂದು ಭಾಗವೆಂಬಂತೆ, ಅಣ್ಣನ ಮುಖ ನೋಡದೆ. ಕಿವಿಯಣ್ಣ ಅವನಿಗೆ ಟಾರ್ಚ್ ಹಿಡಿಯುತ್ತಾನೆ, ತಾನು ಈಗಷ್ಟೇ ಮುಚ್ಚಿದ ಜಾಗಕ್ಕೆ ಬೆಳಕು ಸರಿಯಾಗಿ ಬೀಳುವಂತೆ.