ಎಲ್ಲರ ಮುಂದೆ ತಪ್ಪು ಹೇಳುವುದು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ನಾವು ಕೆಲವರು ಸೇರಿ ಬಸ್ಸಿನ ವೇಳೆ ತೋರಿಸುವ ಆ್ಯಪ್ ಮಾಡಿದ್ದೆವು. ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ತಪ್ಪು ಕಂಡರೆ ಎಲ್ಲರಿಗೂ ಕಾಣುವ ವೆಬ್ ಪುಟದಲ್ಲೇ ಬರೆಯಿರಿ ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. ಪುಟ ಖಾಲಿಯೇ ಇತ್ತು. ತಪ್ಪುಗಳೆಲ್ಲ ನನ್ನ ಫೋನಿಗೆ ಬರುತ್ತಿದ್ದವು, ಅದೂ ಊಟ ಆಯ್ತಾ ಎಂದು ಕೇಳಿದ ಮೇಲೆ.

“ಎಲ್ಲರ ಮುಂದೆ ಹೆಂಗ್ರೀ ಹೇಳಾಕಾಗ್ತೈತೆ? ಮಾಡಿದೋರಿಗೆ ಬೇಜಾರಾಗಲ್ವಾ?” ಎಂದರು ಗುಂಪಿನಲ್ಲಿದ್ದ ಜಗಳೂರಿನ ಟೀಚರ್.

“ಬೇಜಾರು ಮಾಡ್ಕೊಳ್ಳೋರು ಈ ಕೆಲಸಕ್ಕೆ ಬರಬಾರದು ರೀ!” ಎಂದು ರೇಗಿದೆ.

ಮರುದಿನ ಪುಟದಲ್ಲಿ ಅವರು ಬರೆದಿದ್ದರು: ನ್ಯಾಮತಿಗೆ ಭಾನುವಾರ ಇಲ್ಲದ ಬಸ್ಸನ್ನು ಆ್ಯಪ್ ತೋರಿಸುತ್ತಿದೆ.

ಆ ಭಾಗ ಮಾಡಿದವನು ನಾನು. ಇಷ್ಟಕ್ಕೆ ಒಂದು ಫೋನ್ ಮಾಡಿದ್ದರೆ ಸಾಕಿತ್ತಲ್ಲ ಅನಿಸಿತು.